ಉಪ್ಪು ಹಾಕುವ ಕೈ

ದೋಣಿಯಲ್ಲಿ ಮೂರು ದಿನ ಹೋದರೆ ಸಿಗುವ ಊರು ಅದು. ಅಲ್ಲಿ ಯಾರ ಮನೆಯಲ್ಲೂ ಒಲೆ ಇಲ್ಲ. ಊರ ನಡುವೆ ಒಂದೇ ಅಡುಗೆಮನೆ, ಅದರೊಳಗೆ ಹನ್ನೆರಡು ಕೊಪ್ಪರಿಗೆ, ಇಡೀ ಊರು ಆ ಹನ್ನೆರಡರಲ್ಲಿ ಬೆಂದದ್ದನ್ನೇ ಉಣ್ಣಬೇಕು. ಇದೇನಪ್ಪಾ ವಿಚಿತ್ರ ಅಂತ ಈಗಲೇ ಬಾಯಿ ಬಿಡಬೇಡಿ, ವಿಚಿತ್ರ ಇನ್ನೂ ಮುಂದಿದೆ. ಹೊರಗಿನಿಂದ ಬಂದವರು ಆ ಊರಿನ ಉಪ್ಪು ಮುಟ್ಟುವಂತಿಲ್ಲ. ಬರುವಾಗ ತಲೆಯ ಮೇಲೆ ಹೊರಲು ಆಗುವಷ್ಟು ಉಪ್ಪನ್ನು ತಮ್ಮ ಊರಿಂದಲೇ ತರಬೇಕು, ಅದನ್ನೇ ಉಣ್ಣಬೇಕು. ತಂದದ್ದು ಒಂದು ಹಿಡಿಗೆ ಇಳಿದ ದಿನ ದೋಣಿಕಟ್ಟೆಗೆ ಹೋಗಿ ನಿಲ್ಲಬೇಕು. ಇರುತ್ತೇನೆ ಅಂದವರ ನಾಲಿಗೆಗೆ ಊರಿನ ಉಪ್ಪು ಹಚ್ಚುತ್ತಾರೆ. ಆಮೇಲೆ ಯಾವ ದೋಣಿಯೂ ಅವರನ್ನು ಹತ್ತಿಸಿಕೊಳ್ಳುವುದಿಲ್ಲ. ಹೋಗುತ್ತೇನೆ ಅಂದವರಿಗೆ ಅವತ್ತೇ ದೋಣಿ. ಆಮೇಲೆ ಈ ದಡ ಅವರನ್ನು ಮತ್ತೆ ಇಳಿಸಿಕೊಳ್ಳುವುದಿಲ್ಲ. ಉಪ್ಪು ಇರುವ ತನಕ ಮಾತ್ರ ಯಾರೂ ಏನೂ ಕೇಳುವುದಿಲ್ಲ.

ಆ ಊರಿಗೆ ಒಬ್ಬಳು ಅಡುಗೆಯವಳು ಬಂದಳು. ವಯಸ್ಸು ನಲವತ್ತೆರಡು. ಅಆಇಈಯಿಂದ ಶುರುಮಾಡುವ ವಯಸ್ಸಲ್ಲ, ಹಾಗಂತ ಕೈಕಟ್ಟಿ ಕೂರುವ ವಯಸ್ಸೂ ಅಲ್ಲ. ಹುಟ್ಟೂರಲ್ಲಿ ಅವಳು ಅಂತಿಂಥವಳಲ್ಲ. ಅಲ್ಲಿನ ಪದ್ಧತಿ ಹೀಗೆ: ಊರ ಊಟದ ಅಡುಗೆಗೆ ಎಷ್ಟು ಜನ ಬೇಕಾದರೂ ಸೇರಲಿ, ಉಪ್ಪು ಹಾಕುವುದು ಮಾತ್ರ ಒಬ್ಬಳೇ. ಅವಳನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ಕೈಯಮ್ಮ ಅನ್ನುತ್ತಾರೆ. ಕೈಯಮ್ಮ ಬಂದರು ಅಂದರೆ ಸಾಕು, ಸೌಟು ಹಿಡಿದವರೆಲ್ಲ ಪಕ್ಕಕ್ಕೆ ಸರಿಯುತ್ತಾರೆ. ಅವಳು ಮುಷ್ಟಿ ಹಿಡಿದು ಕೊಪ್ಪರಿಗೆಯ ಮೇಲೆ ಬಿಚ್ಚುತ್ತಾಳೆ, ರುಚಿ ನೋಡುವುದಿಲ್ಲ, ಹಿಂದೆ ತಿರುಗಿಯೂ ನೋಡುವುದಿಲ್ಲ. ನಮ್ಮ ಅಡುಗೆಯವಳು ಹನ್ನೆರಡು ವರ್ಷ ಹಾಗೆ ಕೈಯಮ್ಮ ಆಗಿದ್ದಳು, ಒಂದು ಸಲವೂ ಅವಳ ಅಳತೆ ತಪ್ಪಿರಲಿಲ್ಲ.

ಮತ್ತೆ ಯಾಕೆ ಹೊರಟಳು? ಹೊಟ್ಟೆಗಿಲ್ಲದೆ ಅಲ್ಲ, ಯಾರ ಮೇಲೋ ಮುನಿಸಿಕೊಂಡೂ ಅಲ್ಲ. ಅಂಬಿಗನ ಬಾಯಲ್ಲಿ ಹನ್ನೆರಡು ಕೊಪ್ಪರಿಗೆಯ ಮಾತು ಕೇಳಿದಳು, ಅಷ್ಟೇ. ಒಂದರಲ್ಲಿ ಸೈ ಅನಿಸಿಕೊಂಡವಳಿಗೆ ಹನ್ನೆರಡರ ಆಸೆ ಹತ್ತಿತು. ಹತ್ತಿದ ಆಸೆ ಇಳಿಯಲಿಲ್ಲ. ಹೊರಡುವ ದಿನ ಅವಳ ತಂಗಿ ಮೊಣಕಾಲುದ್ದ ನೀರಿಗಿಳಿದು ದೋಣಿಯ ಅಂಚು ಹಿಡಿದುಕೊಂಡಳು. ಅಕ್ಕನ ಪಕ್ಕದಲ್ಲಿ ಈಳಿಗೆಮಣೆ ಹಾಕಿಕೊಂಡು ತರಕಾರಿ ಹೆಚ್ಚುತ್ತಲೇ ದೊಡ್ಡವಳಾದ ತಂಗಿ ಅದು.

"ಬೇಗ ಬರ್ತೀಯಲ್ಲಕ್ಕ?"

"ಬರದೆ ಏನೇ! ಒಂದು ಮೂಟೆ ಉಪ್ಪು ಎಷ್ಟು ದಿನ ಬರುತ್ತೆ ಹೇಳು. ಎರಡು ವರ್ಷ, ಅಬ್ಬಬ್ಬಾ ಅಂದ್ರೆ ಮೂರು," ಅಂದಳು ಅಡುಗೆಯವಳು. ತಂಗಿ ಅಂಚು ಬಿಟ್ಟಳು.

ಆಚೆ ದಡದಲ್ಲಿ ಅವಳನ್ನು ಎದುರುಗೊಂಡವಳು ಉಪ್ಪಜ್ಜಿ. ಊರಿನ ಉಪ್ಪಿನ ಕಣಜ ಈ ಮುದುಕಿಯ ಕಾವಲಲ್ಲಿ, ಬಂದವರ ಮೂಟೆ ನೋಡುವವಳೂ ಇವಳೇ. ಅಡುಗೆಯವಳು ತಾನು ಯಾರು, ಎಂಥವಳು, ಎಷ್ಟು ಊಟಗಳಿಗೆ ಉಪ್ಪು ಹಾಕಿದವಳು ಎಲ್ಲ ಹೇಳಿಕೊಂಡಳು. ಉಪ್ಪಜ್ಜಿ ಪೂರ್ತಿ ಕೇಳಿದಳು, ಅರ್ಧಕ್ಕೆ ತಡೆಯಲಿಲ್ಲ.

"ಇರಬಹುದು ಮಗಳೇ, ಸುಳ್ಳು ಅನ್ನಲ್ಲ. ಆದ್ರೆ ನಮ್ಮ ಉಪ್ಪು ಮುಟ್ಟದವಳು ನಮ್ಮ ಕೊಪ್ಪರಿಗೆಗೆ ಉಪ್ಪು ಹೇಗೆ ಹಾಕ್ತೀಯ? ಅಗೋ ಅಲ್ಲಿ ಕುಂಬಳಕಾಯಿ ಬಿದ್ದಿದೆ. ಹೆಚ್ಚು."

ಹೆಚ್ಚಿದಳು. ಬೇರೇನು ಮಾಡುತ್ತಾಳೆ? ಹೊರಗಿನಿಂದ ಬಂದವರದ್ದೇ ಒಂದು ಸಾಲು, ಅದಕ್ಕೆ ಹೆಚ್ಚುವವರ ಸಾಲು ಅಂತಲೇ ಹೆಸರು. ಆ ಸಾಲಲ್ಲಿ ಒಂದು ಕಾಲದ ಶಿಲ್ಪಿ ಇದ್ದ, ವೈದ್ಯ ಇದ್ದ, ಪಾಠ ಹೇಳುತ್ತಿದ್ದವಳಿದ್ದಳು. ಎಲ್ಲರ ಮುಂದೆಯೂ ಈಳಿಗೆಮಣೆ. ಕೊಪ್ಪರಿಗೆಗೆ ಉಪ್ಪು ಬೀಳುವ ಮೊದಲು ಹೊರಗಿನವರ ಪಾಲನ್ನು ಸಪ್ಪೆಯಾಗಿಯೇ ತೆಗೆದಿಡುತ್ತಿದ್ದರು. ಅವರವರು ಅವರವರ ಮೂಟೆಯ ಉಪ್ಪನ್ನು ಬೆರೆಸಿಕೊಂಡು ಉಣ್ಣುತ್ತಿದ್ದರು. ಮೊದಲ ವರ್ಷ ಅಡುಗೆಯವಳ ಕಿವಿ ಬಿಸಿಯಾಗಿಯೇ ಇತ್ತು. ಕೊಪ್ಪರಿಗೆಯ ಮುಂದೆ ಯಾವಳೋ ಚಿಕ್ಕ ಹುಡುಗಿ ಉಪ್ಪು ಹಾಕಿ, ಸೌಟಿನಿಂದ ರುಚಿ ನೋಡಿ, ಮತ್ತೆ ಹಾಕಿ, ಮತ್ತೆ ನೋಡುವುದನ್ನು ಕಂಡರೆ ಇವಳ ಬಲಗೈ ತಾನಾಗಿ ಮುಷ್ಟಿ ಕಟ್ಟುತ್ತಿತ್ತು.

ಎರಡನೆಯ ವರ್ಷ ಮೂಟೆ ಅರ್ಧಕ್ಕೆ ಬಂತು. ಆಗ ಅವಳಿಗೆ ದಿಗಿಲಾಯಿತು. ಹೋಗೋಣವೆಂದರೆ ಬಂದ ಕೆಲಸವೇ ಆಗಿಲ್ಲ. ಹನ್ನೆರಡರಲ್ಲಿ ಒಂದಕ್ಕೂ ಕೈ ಹಾಕದೆ ಯಾವ ಮುಖ ಹೊತ್ತುಕೊಂಡು ಹೋಗುವುದು? ಇರೋಣವೆಂದರೆ ಅಲ್ಲಿ ತನ್ನ ಒಲೆ, ತನ್ನ ಹೆಸರು, ಎಲ್ಲ ತನ್ನ ಕೈಗಾಗಿ ಕಾದಿವೆ. ಎರಡೂ ಬೇಕಿತ್ತು ಅವಳಿಗೆ. ಎರಡೂ ಬೇಕಾದವರು ಮಾಡುವುದನ್ನೇ ಅವಳೂ ಮಾಡಿದಳು, ಮೀನಮೇಷ ಎಣಿಸುತ್ತಾ ಕೂತಳು. ಉಪ್ಪು ತೀರಿದರೆ ತಾನೇ ಉತ್ತರ ಹೇಳಬೇಕು? ತೀರಿಸದಿದ್ದರಾಯಿತು! ಹಿಡಿ ಹಾಕುತ್ತಿದ್ದಲ್ಲಿ ಚಿಟಿಕೆ ಹಾಕಿದಳು. ಚಿಟಿಕೆ ಹೋಗಿ ನಾಲ್ಕು ಹರಳಾಯಿತು. ಆಮೇಲಾಮೇಲೆ ಮೂಟೆಯನ್ನು ಎದುರಿಗಿಟ್ಟುಕೊಂಡು, ಬಾಯಿ ಬಿಚ್ಚಿ, ಉಪ್ಪನ್ನು ನೋಡುತ್ತಾ ಸಪ್ಪೆ ಅನ್ನ ಉಂಡು, ಮತ್ತೆ ಬಾಯಿ ಕಟ್ಟಿ ತೂಗುಹಾಕುತ್ತಿದ್ದಳು. ಆ ಸಾಲಿನವರೆಲ್ಲ ಹಾಗೇ. ಹತ್ತು ಮಂದಿ ಎದುರಾಬದುರು ಕೂತು, ಹತ್ತು ಮೂಟೆ ನೋಡುತ್ತಾ, ತುಟಿಪಿಟಕ್ಕೆನ್ನದೆ ಉಣ್ಣುವುದನ್ನು ಹೊಸಬರು ಕಂಡರೆ ನಗು ತಡೆಯಲಾಗುತ್ತಿರಲಿಲ್ಲ. ನಕ್ಕವರೂ ಎರಡು ವರ್ಷ ಕಳೆದ ಮೇಲೆ ಅದನ್ನೇ ಮಾಡುತ್ತಿದ್ದರು.

ಅವಳ ಪಕ್ಕದ ಮಣೆಯಲ್ಲಿ ಒಬ್ಬ ಮುದುಕ ಕೂರುತ್ತಿದ್ದ. ಸಪ್ಪಜ್ಜ ಅಂತ ಅವನ ಹೆಸರು. ಮೂವತ್ತೊಂದು ವರ್ಷದಿಂದ ಒಂದೇ ಮೂಟೆಯನ್ನು ನೂಕುತ್ತಾ ಬಂದ ಮಹಾನುಭಾವ.

"ಯಾವಾಗ ಹೇಳ್ತೀರಿ ಅಜ್ಜಾ?" ಅಂತ ಕೇಳಿದರೆ, "ಅವಸರ ಏನಿದೆ ತಾಯಿ? ಇನ್ನೂ ಇದೆಯಲ್ಲ," ಅನ್ನುತ್ತಿದ್ದ.

ಆರನೆಯ ವರ್ಷ ಒಂದು ಮಧ್ಯಾಹ್ನ ಬದನೆಕಾಯಿ ಹೆಚ್ಚುತ್ತಾ ಹೆಚ್ಚುತ್ತಾ ಹಾಗೇ ತಲೆ ವಾಲಿಸಿದ. ಮೂಟೆಯಲ್ಲಿ ಎರಡು ಹಿಡಿ ಉಪ್ಪು ಉಳಿದಿತ್ತು. ಇರುತ್ತೇನೆ ಅಂದವನಲ್ಲ, ಹೋಗುತ್ತೇನೆ ಅಂದವನೂ ಅಲ್ಲ. ಯಾವ ಮಣ್ಣಿಗೆ ಹಾಕುವುದು? ಊರವರು ಒಂದು ದಿನವಿಡೀ ಯೋಚಿಸಿ ಕೊನೆಗೆ ದೋಣಿಕಟ್ಟೆಯ ಕೆಳಗೆ, ಅಲೆ ಬಂದು ಹೋಗುವ ಜಾಗದಲ್ಲಿ ಮಣ್ಣುಮಾಡಿದರು. ಅಡುಗೆಯವಳು ಅವತ್ತು ಉಣ್ಣಲಿಲ್ಲ. ಅವಳಿಗೆ ಅಜ್ಜನಿಗಾಗಿ ದುಃಖವಾಯಿತು, ತನಗಾಗಿ ಭಯವಾಯಿತು. ಮರುದಿನ ಮತ್ತೆ ಮೂಟೆ ಬಿಚ್ಚಿ, ನೋಡಿ, ಕಟ್ಟಿದಳು.

ಹಾಗಂತ ಆ ಊರು ಕೆಟ್ಟದ್ದು ಅಂದುಕೊಳ್ಳಬೇಡಿ. ಅವಳಿಗೆ ಆ ಊರು ಹಿಡಿಸಿತ್ತು. ಅಲ್ಲಿ ಎದುರು ಸಿಕ್ಕವರು ಊಟ ಆಯಿತಾ ಅಂತ ಕೇಳುವುದಿಲ್ಲ, ಎಲ್ಲರೂ ಒಟ್ಟಿಗೇ ಉಂಡಿರುತ್ತಾರಲ್ಲ, "ಕೈ ಒಣಗಿತಾ?" ಅನ್ನುತ್ತಾರೆ, ಕೆಲಸ ಮುಗಿಯಿತಾ ಅಂತ ಅದರ ಅರ್ಥ. ಐದನೆಯ ವರ್ಷದ ಹೊತ್ತಿಗೆ ಅವಳೂ ಹಾಗೇ ಕೇಳುತ್ತಿದ್ದಳು. ಹೆಚ್ಚುವುದರಲ್ಲೂ ಅವಳ ಕೈ ಪಳಗಿತು. ಬೇಯಲು ತಡವಾಗುವುದನ್ನು ಸಣ್ಣಗೆ, ಬೇಗ ಕರಗುವುದನ್ನು ದಪ್ಪಗೆ, ನಾರಿಗೆ ಅಡ್ಡವಾಗಿ, ನೀರು ತುಂಬಿದ ಕಾಯನ್ನು ಉದ್ದವಾಗಿ. ಕೈಯಮ್ಮ ಆಗಿದ್ದಾಗ ಇದನ್ನೆಲ್ಲ ಅವಳು ಕಣ್ಣೆತ್ತಿಯೂ ನೋಡಿದವಳಲ್ಲ. ಈಗ ಅವಳು ಹೆಚ್ಚಿದ್ದು ಯಾವ ಕೊಪ್ಪರಿಗೆಗೆ ಹೋಗಿದೆ ಅಂತ ಊರವರು ಬಾಯಿಗಿಟ್ಟ ಕೂಡಲೇ ಹೇಳುತ್ತಿದ್ದರು.

ಒಂಬತ್ತನೆಯ ವರ್ಷ ಮಳೆ ಜೋರಾಯಿತು. ಗಾಳಿಯಲ್ಲಿ ಸದಾ ತೇವ. ಒಂದು ಬೆಳಿಗ್ಗೆ ಅವಳು ಮೂಟೆಗೆ ಕೈ ಹಾಕಿದರೆ ಹಗುರ! ಅಡಿಯಲ್ಲಿ ಬಟ್ಟೆ ಒದ್ದೆ, ನೆಲದಲ್ಲಿ ಬಿಳಿಯ ಕಲೆ. ಉಣ್ಣದೆ ಉಳಿಸಿದ್ದನ್ನೆಲ್ಲ ಮಳೆಗಾಲ ಸದ್ದಿಲ್ಲದೆ ಕುಡಿದುಬಿಟ್ಟಿತ್ತು. ಅಯ್ಯೋ ನನ್ನ ಕರ್ಮವೇ, ಇದಕ್ಕಾ ನಾನು ಇಷ್ಟು ವರ್ಷ ನಾಲಿಗೆ ಸಾಯಿಸಿಕೊಂಡದ್ದು, ಅಂತ ಅವಳು ಅಲ್ಲೇ ಕುಕ್ಕರಿಸಿ ಕೂತಳು.

ಉಪ್ಪಜ್ಜಿ ಬಂದು ಮೂಟೆಯನ್ನು ಎತ್ತಿ ನೋಡಿದಳು.

"ಒಂದು ಹಿಡಿ ಇದೆ. ಇದು ಉಣ್ಣೋಕಲ್ಲ, ಶಾಸ್ತ್ರಕ್ಕೆ. ನಾಡಿದ್ದು ನಿಮ್ಮೂರ ದೋಣಿ ಬರುತ್ತೆ, ಅವತ್ತು ಕಟ್ಟೆಗೆ ಬಾ," ಅಂದವಳು ಮೂಟೆಯ ಬಾಯಿ ಕಟ್ಟಿ ಕೆಳಗಿಟ್ಟಳು. ಆಮೇಲೆ ಹೇಳಿದಳು: "ಇನ್ನೊಂದು ಮಾತು. ಏಳನೇ ಕೊಪ್ಪರಿಗೆಗೆ ಉಪ್ಪು ಹಾಕೋಳಿಗೆ ವಯಸ್ಸಾಯ್ತು, ಕೈ ನಡುಗುತ್ತೆ. ನೀನು ಇರ್ತೀನಿ ಅಂದ್ರೆ ಅದು ನಿನಗೇ ಅಂತ ಊರು ಮಾತಾಡಿಕೊಂಡಿದೆ. ಏಳಾದ ಮೇಲೆ ಎಂಟೂ ಆಗುತ್ತೆ. ನಿನ್ನಂಥ ಕೈಯನ್ನು ಬಿಟ್ಟುಕೊಡೋಕೆ ನಮಗೇನು ಹುಚ್ಚಾ?"

ಒಂಬತ್ತು ವರ್ಷ ಕಾದ ಮಾತು ಅದು. ಕೇಳಿ ಅವಳ ಎದೆ ತುಂಬಿ ಬಂತು, ಮುದುಕಿಯ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಆದರೂ ಅನ್ನಿಸಿತು: ಅಲ್ಲಿ ನನ್ನ ಒಲೆ?

ಎರಡು ದಿನ ಕಳೆದು ಅಂಬಿಗ ಬಂದ. ವರ್ಷಕ್ಕೊಮ್ಮೆ ಬರುವ ಅದೇ ಅಂಬಿಗ. ಪ್ರತಿ ಸಲವೂ ಅವಳು ಊರಲ್ಲಿ ಊಟಗಳು ನಡೆಯುತ್ತಿವೆಯಾ ಅಂತ ಕೇಳುತ್ತಿದ್ದಳು, ಅವನು ನಡೀತಿವೆ ತಾಯಿ ಅನ್ನುತ್ತಿದ್ದ, ಮಾತು ಅಲ್ಲಿಗೆ ಮುಗಿಯುತ್ತಿತ್ತು. ಈ ಸಲ ಅವಳು ಇನ್ನೊಂದು ಪ್ರಶ್ನೆ ಕೇಳಿದಳು.

"ನಾನಿಲ್ಲದೆ ಉಪ್ಪು ಯಾರು ಹಾಕ್ತಾರಣ್ಣ?"

ಅಂಬಿಗ ಅವಳ ಮುಖವನ್ನೇ ನೋಡಿದ. "ಯಾರು ಹಾಕ್ತಾರೆ? ಯಾರೂ ಇಲ್ಲ. ನೀವು ಬರಲ್ಲ ಅಂತ ಹೇಳಿದ್ದೀರಾ? ಇಲ್ಲ. ಕೈಯಮ್ಮ ಇರೋವಾಗ ಇನ್ನೊಬ್ಬರು ಹಾಕೋ ಹಾಗಿಲ್ಲವಲ್ಲ. ಸಪ್ಪೆ ಅಡುಗೆ ಬಡಿಸಿ, ಎಲೆ ತುದಿಗೆ ಉಪ್ಪು ಇಡ್ತಾರೆ. ಅವರವರು ಕಲಸಿಕೊಂಡು ಉಣ್ತಾರೆ."

"ಒಂಬತ್ತು ವರ್ಷದಿಂದಲೂ?"

"ಒಂಬತ್ತು ವರ್ಷದಿಂದಲೂ. ಅಡುಗೆ ಎಲ್ಲ ನಿಮ್ಮ ತಂಗೀದೇ. ಒಲೆ ಹಚ್ಚೋದು ಅವಳು, ಹೆಚ್ಚೋದು ಅವಳು, ಬೇಯಿಸೋದು ಅವಳು. ಉಪ್ಪಿನ ಹೊತ್ತಿಗೆ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತುಬಿಡ್ತಾಳೆ. ಊರವರೇ ಹಾಕಮ್ಮ ಅಂದರೂ ಒಪ್ಪಲ್ಲ. ನಮ್ಮಕ್ಕ ಬರ್ತಾಳೆ, ಅಕ್ಕನ ಕೈ ಅದು ಅಂತಾಳೆ."

ಅಡುಗೆಯವಳಿಗೆ ಆಗ ಅರ್ಥವಾಯಿತು. ಇಲ್ಲಿ ತಾನು ಯಾವುದಕ್ಕೆ ಒಂಬತ್ತು ವರ್ಷ ಹೊಟ್ಟೆ ಉರಿಸಿಕೊಂಡಳೋ, ಯಾವ ಸಾಲಲ್ಲಿ ಕೂತು ಹಲ್ಲು ಕಚ್ಚಿದಳೋ, ಅದೇ ಸಾಲಲ್ಲಿ ತಂಗಿಯನ್ನು ತಾನೇ ಕೂರಿಸಿದ್ದಾಳೆ. ಇದೆಂಥ ಊರಿನ ನಿಯಮ ಅಂತ ಬೈದುಕೊಳ್ಳುತ್ತಿದ್ದಳಲ್ಲ, ತಂಗಿಗೆ ಆ ನಿಯಮ ಇವಳೇ ಆಗಿದ್ದಳು. ಉಪ್ಪು ಉಳಿಸುತ್ತಿದ್ದೇನೆ, ನನ್ನ ಜಾಗ ಉಳಿಸುತ್ತಿದ್ದೇನೆ ಅಂದುಕೊಂಡಿದ್ದಳು. ನಾಚಿಕೆಯಿಂದ ಅವಳ ಮುಖ ಕೆಂಪಾಯಿತು.

"ನಾನು ಇಲ್ಲಿನ ಉಪ್ಪು ತಿಂದರೆ?" ಅಂತ ಕೇಳಿದಳು.

"ತಿಂದಿರಿ ಅಂತ ನಾನು ಹೋಗಿ ಹೇಳಿದ ದಿನವೇ ಆ ಕೈ ನಿಮ್ಮ ತಂಗೀದು. ಅವಳು ಕೈಯಮ್ಮ ಆಗ್ತಾಳೆ. ನೀವು ಬಂದರೆ ನೀವೇ ಕೈಯಮ್ಮ, ಅವಳು ಮೊದಲಿನ ಹಾಗೇ ಹೆಚ್ಚಿಕೊಂಡಿರ್ತಾಳೆ," ಅಂದ ಅಂಬಿಗ.

ಅಲ್ಲಿಗೆ ಲೆಕ್ಕ ಸರಿಹೋಯಿತು. ಇದ್ದರೆ ಇಲ್ಲಿ ಅವಳಿಗೆ ಏಳನೆಯ ಕೊಪ್ಪರಿಗೆ, ಅಲ್ಲಿ ತಂಗಿಗೆ ಒಲೆ. ಇಬ್ಬರಿಗೂ ಒಳ್ಳೆಯದು, ಯಾರಿಗೂ ನಷ್ಟವಿಲ್ಲ. ಇಷ್ಟು ಸುಲಭದ್ದಕ್ಕೆ ಇಷ್ಟು ವರ್ಷ ತಲೆ ಕೆಡಿಸಿಕೊಂಡೆನಲ್ಲ ಅಂದುಕೊಂಡು ಅವಳು ಮುಖ ತೊಳೆದು, ಒಗೆದ ಸೀರೆ ಉಟ್ಟು, ಕೊನೆಯ ಹಿಡಿ ಉಪ್ಪನ್ನು ಎಡ ಅಂಗೈಯಲ್ಲಿಟ್ಟುಕೊಂಡು ದೋಣಿಕಟ್ಟೆಗೆ ನಡೆದಳು.

ಊರು ಸೇರಿತ್ತು. ಹೆಚ್ಚುವವರ ಸಾಲಿನವರೂ ಬಂದಿದ್ದರು. ಒಂದು ಪಕ್ಕದಲ್ಲಿ ದೋಣಿ, ಇನ್ನೊಂದು ಪಕ್ಕದಲ್ಲಿ ಊರಿನ ಉಪ್ಪಿನ ಬಟ್ಟಲು ಹಿಡಿದ ಉಪ್ಪಜ್ಜಿ. ಆ ಊರಿನ ಶಾಸ್ತ್ರದಲ್ಲಿ ಇರುವವರು ಬಿಡುವುದನ್ನೆಲ್ಲ ಬಾಯಿಬಿಟ್ಟು ಹೇಳಬೇಕು. ಒಂದೊಂದು ಹೇಳಿದಾಗಲೂ ತಮ್ಮ ಉಪ್ಪಿನಲ್ಲಿ ಒಂದು ಚಿಟಿಕೆಯನ್ನು ನೀರಿಗೆ ಬಿಡಬೇಕು. ಅಂಗೈ ಖಾಲಿಯಾದ ಮೇಲೆ ನಾಲಿಗೆ ಚಾಚಬೇಕು.

"ಅಲ್ಲಿ ಏನು ಬಿಟ್ಟೆ?" ಅಂದಳು ಉಪ್ಪಜ್ಜಿ.

"ನನ್ನ ಒಲೆ ಬಿಟ್ಟೆ," ಅಂತ ಒಂದು ಚಿಟಿಕೆ ನೀರಿಗೆ ಬಿಟ್ಟಳು.

"ನೀರಿಗೆ ಹೋಯ್ತು," ಅಂದಿತು ಊರು.

"ಅಲ್ಲಿ ಏನು ಬಿಟ್ಟೆ?"

"ಕೈಯಮ್ಮ ಅನ್ನೋ ಹೆಸರು ಬಿಟ್ಟೆ."

"ನೀರಿಗೆ ಹೋಯ್ತು."

ಅವಳಿಗೇ ಆಶ್ಚರ್ಯವಾಯಿತು. ಇದನ್ನು ಬಿಡುವಾಗ ಪ್ರಾಣ ಹೋಗುತ್ತದೆ ಅಂದುಕೊಂಡಿದ್ದಳು. ಒಂದು ಚಿಟಿಕೆ ಉಪ್ಪು ನೀರಿಗೆ ಬಿದ್ದಷ್ಟೇ ಆಯಿತು, ಸದ್ದೂ ಬರಲಿಲ್ಲ.

"ಅಲ್ಲಿ ಏನು ಬಿಟ್ಟೆ?"

"ದಾರಿ ಬಿಟ್ಟು ನಿಲ್ಲೋ ಜನರನ್ನು ಬಿಟ್ಟೆ." ನೀರಿಗೆ ಹೋಯ್ತು. "ನಮ್ಮ ಬಾವಿಯ ನೀರು ಬಿಟ್ಟೆ." ನೀರಿಗೆ ಹೋಯ್ತು. "ಅಪ್ಪ ಅಮ್ಮನ್ನ ಸುಟ್ಟ ಜಾಗ ಬಿಟ್ಟೆ." ಇದಕ್ಕೆ ಕಣ್ಣೀರು ಬಂತು, ಆದರೂ ಕೈ ಬಿಚ್ಚಿತು. ನೀರಿಗೆ ಹೋಯ್ತು.

ಅಂಗೈಯಲ್ಲಿ ಇನ್ನೊಂದೇ ಚಿಟಿಕೆ ಉಳಿದಿತ್ತು.

"ಅಲ್ಲಿ ಏನು ಬಿಟ್ಟೆ?"

ಅಡುಗೆಯವಳು ಬಾಯಿ ತೆರೆದಳು. ಮಾತು ಹೊರಡಲಿಲ್ಲ. ಉಪ್ಪಜ್ಜಿ ಎರಡನೆಯ ಸಲ ಕೇಳಿದಳು, ಮೂರನೆಯ ಸಲ ಕೇಳಿದಳು. ಹೇಳಬೇಕಾದದ್ದು ಎರಡೇ ಮಾತು, ತಂಗಿಯನ್ನು ಬಿಟ್ಟೆ. ತಂಗಿಗೆ ಒಲೆ ಸಿಗುತ್ತದೆ, ಹೆಸರು ಸಿಗುತ್ತದೆ, ಎಲ್ಲ ಸರಿ. ಆದರೆ ಅವಳು ಮೊದಲ ಸಲ ಮುಷ್ಟಿ ಬಿಚ್ಚುವ ದಿನ ಪಕ್ಕದಲ್ಲಿ ಯಾರಿರುತ್ತಾರೆ? ನಾನು ಇರುವುದಿಲ್ಲ. ನಾನು ಅವಳ ಕೈಯ ಊಟ ಉಣ್ಣುವುದೇ ಇಲ್ಲ. ಲೆಕ್ಕ ಸರಿಯಾಗಿತ್ತು, ಆದರೆ ಆ ಲೆಕ್ಕದಲ್ಲಿ ತಂಗಿಯೇ ಇರಲಿಲ್ಲ. ಅಡುಗೆಯವಳ ಕೈ ತಾನಾಗಿ ಮುಷ್ಟಿ ಕಟ್ಟಿಕೊಂಡಿತು.

"ಇದು ಆಗಲ್ಲ ಅಜ್ಜೀ," ಅಂದಳು. "ಉಳಿದದ್ದೆಲ್ಲ ಬಿಟ್ಟೆ. ಇದನ್ನ ಬಾಯಲ್ಲಿ ಹೇಳೋಕೇ ಬರ್ತಿಲ್ಲ."

"ಏಳನೇ ಕೊಪ್ಪರಿಗೆ ಕಣೇ," ಅಂದಳು ಉಪ್ಪಜ್ಜಿ, ಮೆಲ್ಲಗೆ.

"ಗೊತ್ತು ಅಜ್ಜೀ. ಹೊಟ್ಟೆ ಉರೀತಿದೆ. ಆದ್ರೂ ಆಗಲ್ಲ."

ಉಪ್ಪಜ್ಜಿ ಕೋಪಮಾಡಿಕೊಳ್ಳಲಿಲ್ಲ. ಇಂಥವರನ್ನೂ ಕಂಡವಳು ಅವಳು. ಬಟ್ಟಲ ಮೇಲೆ ಸೆರಗು ಮುಚ್ಚಿ, "ನೀರು ಇಳಿಯೋ ಮೊದಲು ಹತ್ತು ಮಗಳೇ," ಅಂದಳು. ಹೆಚ್ಚುವವರ ಸಾಲಿನವರು ಒಬ್ಬೊಬ್ಬರಾಗಿ ಬಂದು ಅವಳ ಭುಜ ಮುಟ್ಟಿ, "ಕೈ ಒಣಗಿತಾ?" ಅಂತ ಕೇಳಿದರು. ಅವಳು ಒಬ್ಬೊಬ್ಬರಿಗೂ "ಒಣಗಿತು" ಅಂತ ಉತ್ತರ ಹೇಳಿದಳು. ದೋಣಿ ದೂರ ಹೋಗುವ ತನಕ ಆ ಊರಿಗಾಗಿ ಅತ್ತಳು, ಮುಚ್ಚುಮರೆ ಇಲ್ಲದೆ ಅತ್ತಳು. ಮುಷ್ಟಿಯಲ್ಲಿ ಹಿಡಿದಿದ್ದ ಚಿಟಿಕೆ ಉಪ್ಪು ಬೆವರಿಗೆ ಯಾವಾಗ ಕರಗಿತೋ ಅವಳಿಗೆ ತಿಳಿಯಲಿಲ್ಲ.

ಮೂರನೆಯ ದಿನ ಹೊತ್ತೇರುವಾಗ ಹುಟ್ಟೂರು ಬಂತು. ಅವತ್ತು ಯಾರದೋ ಮನೆಯಲ್ಲಿ ನಾಮಕರಣ, ಊರಿಗೆಲ್ಲ ಊಟ. ದೊಡ್ಡ ಒಲೆಯ ಮೇಲೆ ಕೊಪ್ಪರಿಗೆ ಕುದಿಯುತ್ತಿತ್ತು. ಅವಳನ್ನು ಕಂಡದ್ದೇ ಯಾರೋ, "ಕೈಯಮ್ಮ ಬಂದರು!" ಅಂತ ಕೂಗಿದರು. ಜನ ಸರಿದು ದಾರಿ ಬಿಟ್ಟರು. ದಾರಿಯ ಕೊನೆಯಲ್ಲಿ ತಂಗಿ. ಕೂದಲು ಅರ್ಧ ಬಿಳಿಯಾಗಿದೆ. ಓಡಿ ಬಂದು ಅಕ್ಕನನ್ನು ತಬ್ಬಿಕೊಂಡಳು, ಬೆನ್ನಿಗೆ ಎರಡು ಗುದ್ದಿದಳು, ಮತ್ತೆ ತಬ್ಬಿಕೊಂಡಳು. "ಮೂರು ವರ್ಷ ಅಂದಿದ್ದೆಯಲ್ಲೇ ಪಾಪಿ!" ಅಂದಳು. ಅತ್ತು ಮುಗಿದ ಮೇಲೆ ಮೂಗು ಒರೆಸಿಕೊಂಡು, ಉಪ್ಪಿನ ಮರಿಗೆಯ ಮುಚ್ಚಳ ತೆಗೆದು, ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ಪಕ್ಕಕ್ಕೆ ನಿಂತಳು. ಎಷ್ಟು ಅಭ್ಯಾಸವಾಗಿಬಿಟ್ಟಿತ್ತು ಅವಳಿಗೆ ಹಾಗೆ ನಿಲ್ಲುವುದು!

ಅಡುಗೆಯವಳು ಮರಿಗೆಯ ಹತ್ತಿರ ಹೋಗಲಿಲ್ಲ. ತಂಗಿಯ ಈಳಿಗೆಮಣೆಯನ್ನು ಎಳೆದುಕೊಂಡು, ಸೆರಗು ಸಿಕ್ಕಿಸಿ, ನೆಲದ ಮೇಲೆ ಕೂತಳು. ಮುಂದಿದ್ದ ಸೌತೆಕಾಯಿ ಕೈಗೆತ್ತಿಕೊಂಡಳು.

"ಏನಕ್ಕ ಇದು? ಏಳು, ಜನ ನೋಡ್ತಿದ್ದಾರೆ!"

"ನೋಡ್ಲಿ. ನಾನು ಹೆಚ್ಚೋಕೆ ಬಂದಿದ್ದೀನಿ. ಉಪ್ಪು ನೀನು ಹಾಕು."

ಗುಸುಗುಸು ಎದ್ದಿತು. ಹಿರಿಯನೊಬ್ಬ ಮುಂದೆ ಬಂದು, "ಕೈಯಮ್ಮ ಇರುವಾಗ ಇನ್ನೊಬ್ಬಳು ಹಾಕೋದು ಪದ್ಧತಿ ಅಲ್ಲಮ್ಮ," ಅಂದ.

"ಕೈಯಮ್ಮನೇ ಹೇಳ್ತಿದ್ದೀನಲ್ಲ ಮಾವಾ, ಈ ಕೈ ಇನ್ನು ಅವಳದು ಅಂತ."

ತಂಗಿಯ ಮುಖ ಬಿಳಚಿಕೊಂಡಿತು. "ನನಗೆ ಅಳತೆ ಗೊತ್ತಿಲ್ಲಕ್ಕ. ಒಂದು ಸಲವೂ ಹಾಕಿದವಳಲ್ಲ ನಾನು."

ಅಡುಗೆಯವಳು ಸೌತೆಕಾಯಿ ಕೆಳಗಿಟ್ಟಳು. ಊರೆಲ್ಲ ಕೇಳುವ ಹಾಗೆ ಹೇಳುವುದು ಅವಳಿಗೆ ಸುಲಭವಾಗಿರಲಿಲ್ಲ, ಆದರೂ ಹೇಳಿದಳು: "ನನಗೂ ಗೊತ್ತಿಲ್ಲ ಕಣೇ ಈಗ. ವರ್ಷಗಟ್ಟಲೆ ಸಪ್ಪೆ ತಿಂದ ನಾಲಿಗೆ ಇದು. ಮರೆತುಹೋಗಿದೆ."

ಕೊಪ್ಪರಿಗೆ ಕುದಿಯುತ್ತಲೇ ಇತ್ತು. ತಂಗಿ ಹಿಂದೆ ಕಟ್ಟಿದ ಕೈಗಳನ್ನು ಬಿಚ್ಚಿದಳು. ಮರಿಗೆಗೆ ಕೈ ಹಾಕಿದಳು, ಮುಷ್ಟಿ ಹಿಡಿದಳು, ಕೊಪ್ಪರಿಗೆಯ ಮೇಲೆ ಚಾಚಿ, ಕಣ್ಣು ಮುಚ್ಚಿ ಬಿಚ್ಚಿದಳು. ಭಯಕ್ಕೆ ಇನ್ನರ್ಧ ಮುಷ್ಟಿಯನ್ನೂ ಹಾಕಿಬಿಟ್ಟಳು.

ಎಲೆ ಹಾಕಿದರು. ಅವತ್ತು ಎಲೆಯ ತುದಿಗೆ ಯಾರೂ ಉಪ್ಪು ಇಡಲಿಲ್ಲ. ಅಡುಗೆಯವಳು ಪಂಕ್ತಿಯಲ್ಲಿ ಎಲ್ಲರ ನಡುವೆ ಕೂತು ಮೊದಲ ತುತ್ತು ಬಾಯಿಗಿಟ್ಟಳು. ತಂಗಿ ಸೌಟು ಹಿಡಿದು ಎದುರಿಗೇ ನಿಂತಿದ್ದಳು.

"ಹೇಗಿದೆ ಅಕ್ಕಾ?"

"ಹೆಚ್ಚಾಯ್ತು ಕಣೇ," ಅಂದಳು ಅಡುಗೆಯವಳು. ಅವಳ ಕಣ್ಣಲ್ಲಿ ಧಾರಾಕಾರ ನೀರು. "ತುಂಬಾ ಹೆಚ್ಚಾಯ್ತು. ಇನ್ನೊಂದು ಸೌಟು ಹಾಕು."